ಪೆರಟ್ಟಿನ ಕಂಬಿ

ಕಂಬಿ ಮೊಳಗಿತು. ಕೂಲಿ ಲೈನಿನ ಜನ ಬಂದು ಸಾಲಾಗಿ ನಿಂತರು. ದರೋಡೆಗೆ ಬಂದವರಿಗೆ ಅಷ್ಟೇ ಬೇಕಾಗಿತ್ತು.

ಈ ಮಾತನ್ನು ಆಮೇಲೆ ಪೊಲೀಸರು ನಗುತ್ತ ಹೇಳಿದರು. ತೋಟದ ದೊರೆ ತಲೆಯಾಡಿಸುತ್ತ ಹೇಳಿದ. ಗುಮಾಸ್ತ ಅನಂತಕೃಷ್ಣ ಲೊಚಗುಟ್ಟುತ್ತ ಹೇಳಿದ. ಕುರಿಗಳ ಹಾಗೆ ಬಂದು ನಿಂತರಂತೆ. ತುಳಸಿಗೆ ಹೊಟ್ಟೆ ಉರಿದದ್ದು ಹೋದ ತಾಳಿಗಲ್ಲ, ಈ ಮಾತಿಗೆ. ಯಾಕೆಂದರೆ ಅದು ನಿಜವಾಗಿತ್ತು. ಅವಳೂ ಬಂದು ನಿಂತಿದ್ದಳು. ನಿಂತು, ಪಕ್ಕದವಳ ಭುಜಕ್ಕೆ ತನ್ನ ಭುಜ ಸರಿಮಾಡಿಕೊಂಡಿದ್ದಳು ಕೂಡ.

ಆ ತಾಳೆ ತೋಟದ ಆಫೀಸಿನ ಮುಂದೆ ಒಂದು ಬಯಲಿದೆ. ಬಯಲಲ್ಲಿ ಎರಡು ಕಂಬ, ಕಂಬಗಳ ನಡುವೆ ಹಗ್ಗದಲ್ಲಿ ನೇತುಹಾಕಿದ ರೈಲು ಕಂಬಿಯ ತುಂಡು. ಇಂಗ್ಲಿಷರು ಇಲ್ಲಿ ರಬ್ಬರ್ ಬೆಳೆಯುತ್ತಿದ್ದಾಗ ಹಾಕಿದ್ದು. ರಬ್ಬರ್ ಹೋಯಿತು, ತಾಳೆ ಬಂತು. ಬಿಳಿ ದೊರೆ ಹೋದ, ನಮ್ಮ ಬಣ್ಣದ ದೊರೆ ಬಂದ. ಕಂಬಿ ಹೋಗಲಿಲ್ಲ. ದಿನಾ ನಸುಕಿಗೆ ಮಂಡೋರ್ ಮುನಿಯಾಂಡಿ, ಅಂದರೆ ತೋಟದ ಮೇಸ್ತ್ರಿ, ಅದಕ್ಕೆ ಕಬ್ಬಿಣದ ಸಲಾಕೆಯಿಂದ ಹೊಡೆಯುತ್ತಾನೆ. ಹೊಡೆದರೆ ಪೆರಟ್ಟು. ಪೆರಟ್ಟು ಅಂದರೆ ಹಾಜರಿ. ಸಾಲಿನಲ್ಲಿ ನಿಂತವರಿಗೆ ಕೆಲಸ ಉಂಟು. ಕೆಲಸ ಉಂಟಾದವರಿಗೆ ಲೈನಿನಲ್ಲಿ ಮನೆ ಉಂಟು. ಸಾಲು ತಪ್ಪಿದವರಿಗೆ ಎರಡೂ ಇಲ್ಲ.

ತುಳಸಿಯ ಅಜ್ಜಿ ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯಿಂದ, ಊರಿನ ಬಾವಿಗೆ ಬಿಂದಿಗೆ ಇಳಿಸುವಂತಿಲ್ಲದ ಕೇರಿಯಿಂದ, ತಮಿಳರ ಗುಂಪಿನ ಜೊತೆ ಹಡಗು ಹತ್ತಿ ಮಲಯ ನಾಡಿಗೆ ಬಂದವಳು. ಸಾಯುವ ಮುಂಚೆ ಜ್ಞಾನ ತಪ್ಪಿ ಮಲಗಿದ್ದಳು. ಮಕ್ಕಳು ಕೂಗಿದರೆ ಕಣ್ಣು ಬಿಡುತ್ತಿರಲಿಲ್ಲ. ಕಂಬಿ ಮೊಳಗಿದರೆ ಮಾತ್ರ ಕಾಲು ನೆಲಕ್ಕಿಡಲು ನೋಡುತ್ತಿದ್ದಳು.

ತೊಂಬತ್ತೇಳರ ಸೆಪ್ಟೆಂಬರಿನಲ್ಲಿ ಸುಮಾತ್ರಾದ ಕಾಡು ಉರಿಯುತ್ತಿತ್ತು. ಹೊಗೆ ಸಮುದ್ರ ದಾಟಿ ಬಂದು ತೋಟದ ಮೇಲೆ ಕೂತಿತು. ಮಧ್ಯಾಹ್ನವೇ ಮಬ್ಬು. ನಾಲ್ಕು ಮರದಾಚೆ ಏನೂ ಕಾಣದು. ಮನೆಯೊಳಗೇ ಇರಿ ಎಂದು ರೇಡಿಯೋ ಹೇಳಿತು. ಅದು ತೋಟದವರಿಗೆ ಹೇಳಿದ ಮಾತಾಗಿರಲಿಲ್ಲ. ಅವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೊನೆ ಕಡಿದರು, ಉದುರು ಹಣ್ಣು ಹೆಕ್ಕಿದರು, ಕೆಮ್ಮಿದರು, ಮತ್ತೆ ಹೆಕ್ಕಿದರು. ಕಂಪನಿಯಿಂದ ಮಾಸ್ಕ್ ಬರುತ್ತದೆ, ಬಂದ ದಿನ ಕಂಬಿ ಹೊಡೆಸುತ್ತೇನೆ ಎಂದು ಕಿರಾಣಿ ಅನಂತಕೃಷ್ಣ ಹೇಳಿದ್ದ. ತೋಟದ ಗುಮಾಸ್ತನನ್ನು ಇಲ್ಲಿ ಕಿರಾಣಿ ಎನ್ನುತ್ತಾರೆ.

ಭಾನುವಾರ ಮಧ್ಯಾಹ್ನ ಕಂಬಿ ಮೊಳಗಿತು.

ಅವತ್ತು ಪೊನ್ನಮ್ಮ ಪಾಟಿಯ ಮರಿಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಪಾಟಿ, ಅಂದರೆ ಅಜ್ಜಿ, ಲೈನಿಗೆಲ್ಲ ಹಿರಿಯಳು. ಹೆಂಗಸರು ಇದ್ದಬದ್ದ ಚಿನ್ನ ಹಾಕಿಕೊಂಡಿದ್ದರು. ಎಲೆಯ ಮುಂದೆ ಕೂತವರು ಕೈ ತೊಳೆದು ಎದ್ದರು. ಮಾಸ್ಕ್ ಬಂತು ಅಂದರು. ಹೊಗೆಯಲ್ಲಿ ಬಯಲಿಗೆ ನಡೆದರು. ಕಂಬಿಯ ಹತ್ತಿರ ಒಂದು ನೆರಳು ಸಲಾಕೆ ಹಿಡಿದು ನಿಂತಿತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು. ಎಲ್ಲರ ಬಾಯಿಗೂ ಬಟ್ಟೆ ಇತ್ತು. ಮುನಿಯಾಂಡಿಯೇ ಅಂದುಕೊಂಡರು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು. ಯಾರೂ ಹೇಳಲಿಲ್ಲ. ತಾವೇ ನಿಂತರು.

ಆಗ ಸಾಲಿನ ಎರಡೂ ತುದಿಯಲ್ಲಿ ಪಾರಂಗ್ ಕಂಡವು. ಕಾಡು ಸವರುವ ಉದ್ದ ಕತ್ತಿ. ಒಬ್ಬನ ಕೈಯಲ್ಲಿ ಗನ್ನು. ಅವರು ಅವಸರ ಮಾಡಲಿಲ್ಲ. ಮಂಡೋರ್ ಎಣಿಸುವ ಹಾಗೆ ಒಂದು ತುದಿಯಿಂದ ಹೊರಟರು. ಕೊರಳು, ಕಿವಿ, ಕೈ. ಕೊರಳು, ಕಿವಿ, ಕೈ.

ತುಳಸಿಯ ಮುಂದೆ ಬಂದು ಒಬ್ಬ ಅಂಗೈ ಚಾಚಿದ. ತುಳಸಿ ತಾಳಿ ಬಿಚ್ಚಿದಳು. ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟಳು. ಮೇಲಿನವರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು ಎಂದು ಅವಳಿಗೆ ಕಲಿಸಿದ್ದರು.

ಪಕ್ಕದಲ್ಲಿ ಮಗಳು ಶರಣ್ಯಾ. ಅವಳ ಕಿವಿಯ ಓಲೆಯ ತಿರುಪು ಬಿಚ್ಚಿಕೊಳ್ಳಲಿಲ್ಲ. ಅವನು ಎಳೆದ. ಹುಡುಗಿ ಕಿರುಚಿದಳು. ಎದುರು ಸಾಲಿನಿಂದ ಅವಳ ಅಪ್ಪ ದೇವೇಂದ್ರ ನುಗ್ಗಿ ಬಂದು ಕೈ ಎತ್ತಿದ. ಪಾರಂಗ್ ಇಳಿಯಿತು. ಹಸಿ ಗೊನೆ ಕಡಿದಾಗ ಬರುವ ಸದ್ದೇ ಬಂತು. ತುಳಸಿಯ ಗಂಡ ಬಲ ಮುಂಗೈ ಹಿಡಿದುಕೊಂಡು ಕೂತ. ಸಾಲು ಕದಲಲಿಲ್ಲ. ಬೈಕುಗಳು ದೂರವಾದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ಪೊಲೀಸರು ಬಂದದ್ದು ಮಾರನೇ ದಿನ. ಠಾಣೆಯ ಜೀಪುಗಳೆಲ್ಲ ಸರ್ಕಾರ ಕಟ್ಟುತ್ತಿರುವ ರಾಜಧಾನಿ ಪುತ್ರಜಯಾದ ಹೊಸ ರಸ್ತೆಯಲ್ಲಿ ದೊಡ್ಡವರ ಕಾರುಗಳ ಹಿಂದೆ ಮುಂದೆ ಓಡುತ್ತವೆ. ಬಂದವರು ಕಳ್ಳರು ಹೋದ ದಾರಿ ಹಿಡಿಯಲಿಲ್ಲ. ಲೈನಿನ ಮನೆಗಳನ್ನು ಹೊಕ್ಕರು. ಹಾಸಿಗೆ ಕೊಡವಿದರು, ಅಕ್ಕಿ ಡಬ್ಬಕ್ಕೆ ಕೈ ಹಾಕಿದರು. ಕಂಬಿ ಹೊಡೆದರೆ ಜನ ಬಂದು ನಿಲ್ಲುತ್ತಾರೆ ಅಂತ ಹೊರಗಿನವರಿಗೆ ಹೇಗೆ ಗೊತ್ತು? ನಿಮ್ಮಲ್ಲೇ ಯಾರೋ ಹೇಳಿದ್ದಾರೆ. ಯಾರು? ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬಂದ ದೇವೇಂದ್ರನನ್ನೂ ಕೇಳಿದರು. ಕೈ ಎತ್ತುವಷ್ಟು ಧೈರ್ಯ ಹೇಗೆ ಬಂತು, ಅವರ ಪರಿಚಯ ಇತ್ತಾ ಅಂತ.

ಅದರ ಹಿಂದೆ ದೊರೆಯ ಅಪ್ಪಣೆ ಬಂತು. ಇನ್ನು ಮೇಲೆ ಕೆಲಸ ಮುಗಿದ ಕೂಡಲೇ ಕುಡುಗೋಲು, ಉಳಿ, ಕತ್ತಿ ಎಲ್ಲ ಸ್ಟೋರಿಗೆ ಒಪ್ಪಿಸಬೇಕು. ಲೈನಿನಲ್ಲಿ ಒಂದು ಅಲಗೂ ಇರಬಾರದು. ದೊರೆಯ ಬಂಗಲೆಗೂ ಕಿರಾಣಿಯ ಕ್ವಾರ್ಟರ್ಸಿಗೂ ಬಂದೂಕಿನ ಕಾವಲುಗಾರರು ಬಂದರು. ಲೈನಿಗೆ ಬರಲಿಲ್ಲ. ಭಯವಾದರೆ ಬಿಟ್ಟು ಹೋಗಬಹುದು ಎಂದರು. ಪಕ್ಕದ ತೋಟದಲ್ಲೂ ಹೀಗೇ ಹೇಳಿದ್ದರು. ಅಲ್ಲಿನ ಜನ ಹೋದರು. ಈಗ ಅಲ್ಲಿ ಮರವಿಲ್ಲ, ಮನೆಯಿಲ್ಲ. ಕೆಂಪು ಮಣ್ಣು ಬಗೆದು ಹಾಕಿದ್ದಾರೆ. ಅಲ್ಲಿ ಸೈಬರ್‌ಜಯಾ ಎಂಬ ಕಂಪ್ಯೂಟರಿನ ಊರು ಬರುತ್ತದಂತೆ.

ದೇವೇಂದ್ರನ ಗಳ ತುಳಸಿಯ ಹೆಗಲಿಗೆ ಬಂತು. ಗೊನೆ ಕಡಿಯುವುದು ಗಂಡಸರ ಕೆಲಸ. ಮನೆಯಿಂದ ಒಬ್ಬರಾದರೂ ಕಡಿಯದಿದ್ದರೆ ಮನೆ ಹೋಗುತ್ತದೆ. ಮೂರಾಳುದ್ದದ ಗಳ, ತುದಿಯಲ್ಲಿ ಕುಡುಗೋಲು. ಎತ್ತಿದರೆ ಅದು ಗಾಳಿಯಲ್ಲಿ ಬಾಗಿ ತೂಗುತ್ತದೆ. ಕತ್ತು ಹಿಂದಕ್ಕೆ ಬಗ್ಗಿಸಿ, ಹೊಗೆಯಲ್ಲಿ ಗೊನೆಯ ತೊಟ್ಟು ಹುಡುಕಿ, ಅಲಗು ಸಿಕ್ಕಿಸಿ, ಇಡೀ ಮೈ ಜೋತುಬಿದ್ದು ಎಳೆಯಬೇಕು. ಗೊನೆ ಬೀಳುವಾಗ ಪಕ್ಕಕ್ಕೆ ಹಾರಬೇಕು. ಕಣ್ಣಿಗೆ ಕಸ, ಅಂಗೈಗೆ ಮುಳ್ಳು. ರಾತ್ರಿ ಅವಳ ತೋಳು ತಟ್ಟೆಯಿಂದ ಬಾಯಿಗೆ ಏಳುತ್ತಿರಲಿಲ್ಲ. ಗಂಡನ ಬಲಗೈ, ಅವಳ ಎರಡು ಕೈ. ಒಂದು ಮನೆಯಲ್ಲಿ ಮೂರು ಕೈ ಸತ್ತಿದ್ದವು.

ಕಿರಾಣಿ ಅವಳನ್ನು ಮನೆಗೆ ಕರೆಸಿದ.

"ಬಾ ತುಳಸಿ. ಅಲ್ಲೇ ನಿಂತುಕೋ, ನೆಲ ಒರೆಸಿದ್ದಾರೆ."

ಅವಳು ಹಿತ್ತಿಲ ಮೆಟ್ಟಿಲ ಕೆಳಗೆ ನಿಂತಳು. ಅನಂತಕೃಷ್ಣನ ಅಪ್ಪ ಉಡುಪಿ ಕಡೆಯಿಂದ ಇದೇ ತೋಟಕ್ಕೆ ಗುಮಾಸ್ತನಾಗಿ ಬಂದವನು. ಆಫೀಸಿನಲ್ಲಿ ಅನಂತಕೃಷ್ಣ ಅವಳ ಜೊತೆ ತಮಿಳು ಮಾತಾಡುತ್ತಾನೆ. ಏನಾದರೂ ಆಗಬೇಕಿದ್ದರೆ ಮಾತ್ರ ಕನ್ನಡ.

"ನೋಡು ಮಾರಾಯ್ತಿ, ಈ ತೋಟದಲ್ಲಿ ಕನ್ನಡದವರು ಅಂತ ಇರುವುದು ನಿಮ್ಮ ಮನೆ, ನಮ್ಮ ಮನೆ. ನಾವು ನಾವು ಬಿಟ್ಟುಕೊಡಬಾರದು. ನೀರು ಕುಡಿ."

ಅವನ ಹೆಂಡತಿ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಮಗ್ ಇಟ್ಟು ಒಳಗೆ ಹೋದಳು. ಬಚ್ಚಲ ಮಗ್ಗು. ಕುಡಿಯುವ ಲೋಟಗಳು ಒಳಗೆ ಗೋಡೆಯ ಹಲಗೆಯ ಮೇಲೆ ಹೊಳೆಯುತ್ತಿದ್ದವು.

"ದೇವೇಂದ್ರನ ಕೈ ಇನ್ನು ಗಳ ಹಿಡಿಯುವುದಿಲ್ಲ. ಅವನಿಗೆ ಗೇಟಿನ ಕಾವಲು ಕೆಲಸ ಕೊಡಿಸುತ್ತೇನೆ. ಕೂತು ಮಾಡುವ ಕೆಲಸ. ಮನೆ ಉಳಿಯುತ್ತದೆ. ನೀನು ಹೆಂಗಸರಿಗೆ ಒಂದು ಮಾತು ಹೇಳಬೇಕು, ಅಷ್ಟೇ. ನಾಳೆಯಿಂದ ತಕರಾರು ಮಾಡದೆ ಕುಡುಗೋಲು ಒಪ್ಪಿಸಲಿ. ನಿನ್ನ ಮಾತು ಕೇಳುತ್ತಾರೆ."

"ನಮ್ಮ ಕಡೆ ಕಾವಲಿಲ್ಲ ಅಯ್ಯ. ಇದನ್ನೂ ಕೊಟ್ಟುಬಿಟ್ರೆ ಅವರು ಮತ್ತೆ ಬಂದಾಗ ಬರಿಗೈಲಿ ಏನು ಮಾಡದು?"

"ಬರಿಗೈಯಲ್ಲಿ ಇದ್ದರೆ ಅವರು ಕಡಿಯುವುದಿಲ್ಲ. ದೇವೇಂದ್ರ ಕೈ ಎತ್ತಿದ್ದಕ್ಕೆ ಅಲ್ಲವಾ ಹಾಗಾದದ್ದು?"

ತುಳಸಿ ಮಗ್ಗು ನೋಡಿದಳು. ಬಾಯಾರಿತ್ತು. ಕುಡಿಯಲಿಲ್ಲ. ಆದರೆ ಇಲ್ಲ ಎಂದೂ ಹೇಳಲಿಲ್ಲ. "ಕೇಳ್ತೀನಿ ಅಯ್ಯ" ಎಂದು ಬಂದಳು.

ದೇವೇಂದ್ರ ಹೊಸ್ತಿಲ ಮೇಲೆ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಕೇಳಿ ತಲೆ ತಗ್ಗಿಸಿದ.

"ಒಪ್ಕೊಂಬುಡು," ಎಂದ. "ಇನ್ನೆಲ್ಲಿಗೆ ಹೋಗದು ಈ ಕೈ ಇಟ್ಕಂಡು?"

"ಅವರು ಮತ್ತೆ ಬಂದ್ರೆ?"

"ಬಂದ್ರೆ ಇನ್ನೇನಿದೆ ನಮ್ಮತ್ರ ಕಿತ್ಕೊಳಾಕೆ?"

ಇಬ್ಬರೂ ಒಟ್ಟಿಗೇ ಮಗಳ ಕಡೆ ನೋಡಿದರು. ಶರಣ್ಯಾ ಕಿವಿಗೆ ಹತ್ತಿ ಇಟ್ಟುಕೊಂಡು ಓದುವ ಹಾಗೆ ಕೂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಶಾಲೆಯ ಇಂಗ್ಲಿಷು.

"ಅಮ್ಮಾ, ವೈ ಡಿಡ್ ವೀ ಲೈನ್ ಅಪ್?"

ನಾವು ಯಾಕೆ ಸಾಲಾಗಿ ನಿಂತೆವು ಅಂತ. ದೇವೇಂದ್ರ ಗದರಿದ. "ಓದ್ಕೊ ಸುಮ್ನೆ."

"ನೋ ಲಾ ಅಪ್ಪಾ, ಐ ಜಸ್ಟ್ ವಾಂಟ್ ಟು ನೋ. ಅವರು ಸಾಲು ಮಾಡಿ ಅಂತ ಹೇಳಲೇ ಇಲ್ಲ."

ಕೊನೆಯದನ್ನು ಅವಳು ಕನ್ನಡದಲ್ಲಿ ಹೇಳಿದಳು. ತುಳಸಿ ಗಳದಿಂದ ಕುಡುಗೋಲು ಬಿಚ್ಚಿ ಉಜ್ಜಲು ಕೂತಳು. ನಾಳೆ ಒಪ್ಪಿಸುವುದೇ ಆದರೂ ತುಕ್ಕು ಹಿಡಿಸಿ ಒಪ್ಪಿಸಬಾರದು ಎಂದುಕೊಂಡಳು.

ಮರುದಿನ ಮಧ್ಯಾಹ್ನ ಸ್ಟೋರಿನ ಮುಂದೆ ಸಾಲು ನಿಂತಿತು. ಸ್ಟೋರಿನ ಕಿಟಕಿ ತಗ್ಗು. ಕೊಡುವವರು ಬಗ್ಗಬೇಕು. ಒಳಗಿಂದ ಮುನಿಯಾಂಡಿಯ ಕೈ ಹೊರಗೆ ಬರುತ್ತದೆ. ಒಬ್ಬೊಬ್ಬರೂ ಬಗ್ಗಿದರು, ಕೊಟ್ಟರು, ಪಕ್ಕಕ್ಕೆ ಸರಿದರು. ಕುಡುಗೋಲಿನ ಮೇಲೆ ಕುಡುಗೋಲು ಬೀಳುವ ಸದ್ದು. ತುಳಸಿಯ ಸರದಿ ಬಂತು. ಕಿರಾಣಿ ಬಾಗಿಲಲ್ಲಿ ನಿಂತು ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಹೇಳು, ಹೆಂಗಸರಿಗೆ ಹೇಳು.

ಅವಳು ಬಗ್ಗಿದಳು. ಚಾಚಿದ ಅಂಗೈ ಕಂಡಿತು. ಅವಳ ಕೈಗಳು ತಾವಾಗಿಯೇ ಎದ್ದವು. ಎರಡೂ ಕೈ. ನಡುವೆ ಗಂಡನ ಕುಡುಗೋಲು.

ಅವಳು ತನ್ನ ಎರಡು ಕೈಗಳನ್ನು ನೋಡಿದಳು.

"ಕೊಡಲ್ಲ," ಎಂದಳು.

ಬಾಯಿಂದ ಬಂದದ್ದು ಕನ್ನಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದಳು. ಕೊಡುಕ್ಕ ಮಾಟ್ಟೇನ್.

ಮುನಿಯಾಂಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏಮ್ಮಾ, ಆಟ ಆಡ್ತೀಯಾ? ನಿನ್ನ ಗಂಡನಿಗೆ ಕೈ ಹೋಯ್ತು, ನಿನಗೆ ತಲೆ ಹೋಯ್ತಾ?"

"ತಲೆ ಇದೆ. ನಾನು ಅವರಿಗೆ ತಾಳಿ ಕೊಟ್ಟದ್ದೂ ಹಿಂಗೇ, ಬಗ್ಗಿ, ಎರಡು ಕೈಲಿ. ಒಂದೇ ತಿಂಗಳಲ್ಲಿ ಎರಡು ಸಲ ಆಗಲ್ಲ."

ಹಿಂದೆ ಯಾರೋ ನಕ್ಕರು. ಪೊನ್ನಮ್ಮ ಪಾಟಿ ಇನ್ನೂ ಕೊಟ್ಟಿರಲಿಲ್ಲ. ಅವಳ ಹತ್ತಿರ ಇದ್ದದ್ದು ಹುಲ್ಲು ಕೊಯ್ಯುವ ಮೋಟು ಕತ್ತಿ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನಿಂದ ಈಚೆ ಬಂದಳು. ಅವಳ ಹಿಂದೆ ಇನ್ನಿಬ್ಬರು. ಆಗಲೇ ಕೊಟ್ಟು ಬದಿಗೆ ನಿಂತಿದ್ದವನೊಬ್ಬ ಸ್ಟೋರಿನ ಬಾಗಿಲ ಕಡೆ ಹೆಜ್ಜೆ ಇಟ್ಟ.

ಅನಂತಕೃಷ್ಣ ತಮಿಳಿಗೆ ಹೊರಳಿದ. "ಕಂಬಿ ಹೊಡಿ ಮುನಿಯಾಂಡಿ. ಎಲ್ಲರೂ ಬಯಲಿಗೆ ಬರಲಿ. ಸಾಲಿನಲ್ಲಿ ನಿಂತು ಕೊಡುವುದಿಲ್ಲ ಅನ್ನಲಿ, ನೋಡುತ್ತೇನೆ."

ಮುನಿಯಾಂಡಿ ಬಯಲಿಗೆ ಹೋಗಿ ಹೊಡೆದ. ಜನರ ಕಾಲು ಕದಲಿದವು. ಮನಸ್ಸು ಬೇಡ ಎಂದರೂ ಕಾಲು ಕದಲಿದವು. ಪಾಟಿ ಎರಡು ಹೆಜ್ಜೆ ಇಟ್ಟು ತನ್ನ ಕಾಲನ್ನೇ ಬೈದಳು. ತುಳಸಿಯ ಕಾಲೂ ಬಯಲಿನ ಕಡೆ ಹೊರಟಿತ್ತು. ಅವಳು ಅದನ್ನು ತಡೆಯಲಿಲ್ಲ. ಸಾಲಿನ ಜಾಗ ದಾಟಿ ನೇರ ಕಂಬಿಯ ತನಕ ನಡೆದಳು. ಮೊಳಗುತ್ತಿದ್ದ ಕಂಬಿಯ ಮೇಲೆ ಅಂಗೈ ಇಟ್ಟಳು.

ಸದ್ದು ಅವಳ ಮೊಣಕೈವರೆಗೆ ಹತ್ತಿ, ಸತ್ತುಹೋಯಿತು.

ಮುನಿಯಾಂಡಿ ಸಲಾಕೆ ಎತ್ತಿದ. "ಕೈ ತೆಗಿ."

"ಹೊಡಿ ಅಣ್ಣ."

"ತೆಗಿ ಅಂದೆ."

"ನಮ್ಮ ಮನೇಲಿ ಒಂದು ಕೈ ಹೋಗಿದೆ. ಇದೂ ಹೋಗ್ಲಿ, ಹೊಡಿ. ಅವತ್ತು ನಿನ್ನ ಹೆಂಡ್ತೀನೂ ಆ ಸಾಲಲ್ಲೇ ನಿಂತಿದ್ಲು."

ಸಲಾಕೆ ಮೇಲೆಯೇ ಇತ್ತು. ಅವನು ಹೆಂಗಸರ ಸಾಲು ನಿಲ್ಲುವ ಜಾಗದ ಕಡೆ ನೋಡಿದ. ನಿಧಾನ ಸಲಾಕೆ ಕೆಳಗಿಳಿದು ನೆಲಕ್ಕೆ ಬಿತ್ತು. ತುಳಸಿ ಕುಡುಗೋಲಿನಿಂದ ಹಗ್ಗ ಕೊಯ್ದಳು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಕಂಬಿ ಮಣ್ಣಿಗೆ ಬಿತ್ತು. ಮೊಳಗಲಿಲ್ಲ. ಬರೀ ಕಬ್ಬಿಣ.

"ಅದು ಕಂಪನಿ ಸೊತ್ತು," ಕಿರಾಣಿ ಓಡಿಬಂದ. ಈಗ ಕನ್ನಡ. "ಮುಟ್ಟಬೇಡ ತುಳಸಿ, ಕೇಸ್ ಆಗುತ್ತದೆ. ಕಂಪನಿ ಸೊತ್ತು ಅದು."

"ನಾವೂ ಕಂಪನಿ ಸೊತ್ತು ಅಂದ್ಕಂಡಿದ್ದೋ ಅಯ್ಯ. ಸೊತ್ತಾಗಿದ್ರೆ ಕಾಯ್ತಿದ್ರಿ."

ಗೊನೆ ಹೊರುವ ಕೋಲಿಗೆ ಕಂಬಿ ಕಟ್ಟಿ ನಾಲ್ಕು ಹೆಂಗಸರು ಹೊತ್ತರು. ಬಿದ್ದ ಸಲಾಕೆಯನ್ನು ಪಾಟಿ ಎತ್ತಿಕೊಂಡಳು. ಸ್ಟೋರಿನ ಬಾಗಿಲು ಯಾರು ತೆರೆದರೋ ಯಾರೂ ನೋಡಲಿಲ್ಲ. ಕುಡುಗೋಲುಗಳೆಲ್ಲ ಅವರ ಹಿಂದೆ ಬಂದವು.

ಲೈನಿನ ನಡುವೆ ಮುನೀಶ್ವರನ ಗುಡಿಯ ಪಕ್ಕ ಹಲಸಿನ ಮರವಿದೆ. ಕಂಬಿಯನ್ನು ಅದಕ್ಕೆ ಕಟ್ಟಿದರು. ಇನ್ನು ಇದು ಮೊಳಗಿದರೆ ಸಾಲಿಲ್ಲ, ಎಲ್ಲರೂ ಮರದ ಸುತ್ತ, ಬೆನ್ನು ಒಳಗೆ, ಮುಖ ಹೊರಗೆ, ಮಕ್ಕಳು ನಡುವೆ ಎಂದು ತುಳಸಿ ಹೇಳಿದಳು. ನೋಡೋಣ ಎಂದು ಒಂದು ಸಲ ಹೊಡೆದರು. ಜನ ಓಡಿಬಂದರು. ಬಂದು ಸಾಲಾಗಿಯೇ ನಿಂತರು.

ಪಾಟಿ ನಗಲು ಶುರುಮಾಡಿದಳು. ಒಬ್ಬರನ್ನೊಬ್ಬರು ನೋಡಿಕೊಂಡು ಎಲ್ಲರೂ ನಕ್ಕರು. ನಗುತ್ತಿದ್ದಂತೆ ಕೆಲವರಿಗೆ ಅಳು ಬಂತು. ಮತ್ತೆ ಹೊಡೆದರು. ಮತ್ತೆ. ಕಾಲಿಗೆ ಕಲಿಸಿದ್ದನ್ನು ಕಾಲಿನಿಂದ ಬಿಡಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಕಳ್ಳರು ಮತ್ತೆ ಬಂದರು. ಹೊಗೆ ಇನ್ನೂ ಇತ್ತು. ಮುಂದಿನ ಭಾನುವಾರ, ಬೆಳಕಿರುವಾಗಲೇ, ಬೈಕುಗಳ ಸದ್ದು ಆಫೀಸಿನ ಕಡೆಯಿಂದ ಕೇಳಿ ಅಲ್ಲೇ ನಿಂತಿತು. ತುಳಸಿ ಪಾತ್ರೆ ತೊಳೆಯುತ್ತಿದ್ದಳು. ಎದ್ದು ನಿಂತಳು. ಬಯಲಿನಲ್ಲಿ ಯಾರೋ ಕಂಬಿ ಹುಡುಕುತ್ತಿದ್ದಾನೆ. ಅವಳಿಗೆ ಅವನು ಕಾಣುತ್ತಿರಲಿಲ್ಲ, ಆದರೂ ಕಂಡ ಹಾಗಾಯಿತು. ಎರಡು ಕಂಬ, ನಡುವೆ ಏನೂ ಇಲ್ಲ.

ಅವಳು ಹಲಸಿನ ಮರಕ್ಕೆ ಓಡಿ ಹೊಡೆದಳು.

ಬಾಗಿಲುಗಳು ತೆರೆದವು. ಮಕ್ಕಳು ನಡುವೆ ಬಂದರು. ಅವರ ಸುತ್ತ ಬೆನ್ನುಗಳು. ಬೆನ್ನುಗಳಾಚೆ ಗಳಗಳು ಹೊಗೆಯ ಕಡೆಗೆ ಅಡ್ಡ ಚಾಚಿದವು, ತುದಿಯಲ್ಲಿ ಕುಡುಗೋಲು. ಪಾರಂಗ್ ಕೈಯಳತೆಯ ಕತ್ತಿ. ಗಳ ಮೂರಾಳುದ್ದ. ದೇವೇಂದ್ರ ಎಡಗೈಯಲ್ಲಿ ಒಂದು ಗಳ ಹಿಡಿದು ಅದರ ಬುಡವನ್ನು ಹೊಟ್ಟೆಗೆ ಒತ್ತಿಕೊಂಡಿದ್ದ.

ಚರಂಡಿಯಾಚೆ ನೆರಳುಗಳು ಬಂದು ನಿಂತವು. ಒಬ್ಬ ಮಲಯ ಭಾಷೆಯಲ್ಲಿ ಕೂಗಿದ. ಸಾಲು ಮಾಡಿ, ಕತ್ತಿ ಕೆಳಗಿಡಿ. ಈ ಸಲ ಅವನು ಹೇಳಬೇಕಾಯಿತು. ಯಾರೂ ಕದಲಲಿಲ್ಲ. ಗುಂಡು ಹಾರಿತು. ಮೇಲೆಲ್ಲೋ ಹಲಸಿನ ಎಲೆ ಉದುರಿತು. ಮಗುವೊಂದು ಅತ್ತಿತು. ತುಳಸಿಯ ಕಾಲ ಮೇಲೆ ಉಚ್ಚೆ ಬಿಸಿಯಾಗಿ ಹರಿಯಿತು. ಅವಳು ಸೀರೆ ನೋಡಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಸಲಾಕೆ ಹಿಡಿದು ಹೊಡೆಯುತ್ತಲೇ ಇದ್ದಳು. ಗನ್ನಿಗಿಂತ ಗಟ್ಟಿಯಾಗಿ ಹೊಡೆದಳು. ಯಾವ ಪೆರಟ್ಟಿಗೂ ಯಾವ ಮಂಡೋರನೂ ಅಷ್ಟು ಹೊತ್ತು ಹೊಡೆದಿರಲಿಲ್ಲ.

ಅವಳು ನಿಲ್ಲಿಸಿದಾಗ ಬೈಕುಗಳ ಸದ್ದು ಹೆದ್ದಾರಿಯ ಕಡೆ ಸಣ್ಣದಾಗುತ್ತಿತ್ತು.

"ಹೋದ್ರಾ?" ಎಂದಳು ಪಾಟಿ. "ಊಟ ಮಾಡಿ ಹೋಗಿ ಅನ್ನಬೇಕಿತ್ತು."

ಮಾರನೇ ನಸುಕಿಗೆ ಕಂಬಿ ಮೊಳಗಲಿಲ್ಲ. ಬಯಲಿನಲ್ಲಿ ಅನಂತಕೃಷ್ಣ ಕಾರಿನ ಹಾರ್ನ್ ಒತ್ತಿದ. ಜನ ಬಂದರು. ಕೆಲಸ ಬಿಡುವುದಿಲ್ಲ ಎಂದು ಅವರು ರಾತ್ರಿಯೇ ಮಾತಾಡಿಕೊಂಡಿದ್ದರು. ಕುಡುಗೋಲು ಹೆಗಲ ಮೇಲೆ. ಒಬ್ಬರು ಇಲ್ಲಿ, ಇಬ್ಬರು ಅಲ್ಲಿ, ಬೇಕಾದಲ್ಲಿ ನಿಂತರು. ಪೊನ್ನಮ್ಮ ಪಾಟಿ ಖಾಲಿ ಕಂಬಕ್ಕೆ ಒರಗಿ ಕೂತಳು.

"ಸಾಲು," ಎಂದ ಕಿರಾಣಿ.

ಯಾರೂ ಅಲ್ಲಾಡಲಿಲ್ಲ. ಮುನಿಯಾಂಡಿ ನೆಲ ನೋಡುತ್ತಿದ್ದ.

ಕಿರಾಣಿ ತುಳಸಿಯ ಹತ್ತಿರ ಬಂದ. ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದ. "ನಿನ್ನೆ ಗುಂಡು ಹಾರಿದ್ದು ನಮ್ಮ ಮನೆಗೂ ಕೇಳಿಸಿತು. ಕಾವಲುಗಾರರು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಅದು ಬೇರೆ ವಿಷಯ. ದೊರೆ ಭಾರೀ ಸಿಟ್ಟಿನಲ್ಲಿದ್ದಾರೆ. ದೇವೇಂದ್ರನಿಗೆ ಕಾವಲು ಕೆಲಸ ಅಂದಿದ್ದೆನಲ್ಲ, ಅದು ಹೋಯಿತು. ಮನೆಯೂ ಹೋಗುತ್ತದೆ, ತಿಳಕೋ. ಎಷ್ಟು ಒಳ್ಳೆಯ ಮಾತಲ್ಲಿ ಹೇಳಿದ್ದೆ ನಿನಗೆ."

"ಕಾವಲು ಕೆಲಸಕ್ಕೆ ನಾವು ನಿನ್ನೇನೇ ಸೇರಿಯಾಯ್ತು ಅಯ್ಯ," ಎಂದಳು ತುಳಸಿ. ದನಿ ತಗ್ಗಿಸಲಿಲ್ಲ. ಗಳ ಎತ್ತಿ ಹೆಗಲಿಗೆ ಇಟ್ಟುಕೊಂಡಳು. ಅದರ ಭಾರಕ್ಕೆ ಒಮ್ಮೆ ವಾಲಿ, ಸರಿಯಾಗಿ ನಿಂತಳು. "ಮನೆ ಬಿಡ್ಸೋಕೆ ಯಾವತ್ತು ಬತ್ತೀರಿ ಅಂತ ಮುಂಚೇನೇ ಹೇಳಿ. ಕಂಬಿ ಹೊಡೀತೀವಿ."